ಎಲೆಯಿಂದ ಡಿಎನ್‌ಎ ತೆಗೆಯುವ ಯಂತ್ರ: ನನ್ನ ಟಿಪ್ಪಣಿ

ಮಲೆನಾಡಿನ ಭತ್ತದ ಗದ್ದೆಗೆ ಬೆಂಕಿ ರೋಗ ಹೊಸದಲ್ಲ. ಅದನ್ನು ತಡೆಯುವ ಪಿಐ54 ಜೀನ್ ಮೊದಲು ಸಿಕ್ಕಿದ್ದು ವಿಯೆಟ್ನಾಮಿನ ಟೆಟೆಪ್ ತಳಿಯಲ್ಲಿ. ನಮ್ಮ ತಳಿಗೆ ಅದನ್ನು ಸೇರಿಸುವಾಗ ಯಾವ ಸಸಿಗೆ ಬಂತು ಅಂತ ತಿಳಿಯಲು ರೋಗ ಬರುವ ತನಕ ಕಾಯಬೇಕಿಲ್ಲ, ಸಸಿಮಡಿಯಲ್ಲೇ ಎಳೆ ಎಲೆಯ ಚೂರು ಕಿತ್ತು ಮಾರ್ಕರ್‌ನಿಂದ, ಅಂದರೆ ಆ ಜೀನ್ ಇದೆಯೇ ಅಂತ ತೋರಿಸುವ ಡಿಎನ್‌ಎ ಗುರುತಿನಿಂದ, ನೋಡಬಹುದು. ಹತ್ತು ಸಸಿಗೆ ಕೈ ಸಾಕು. ಸಾವಿರಕ್ಕೆ?

ಕೈಯಲ್ಲಿ ಮಾಡುವ ಸಿಟಿಎಬಿ (ಸೋಪಿನಂಥ ಒಂದು ರಾಸಾಯನಿಕ) ವಿಧಾನ ಹೀಗೆ: ಎಲೆ ಅರೆದು, 65 ಡಿಗ್ರಿ ಬಿಸಿಯಲ್ಲಿಟ್ಟು, ಕ್ಲೋರೋಫಾರ್ಮ್ ಬೆರೆಸಿ, ಸೆಂಟ್ರಿಫ್ಯೂಜ್‌ನಲ್ಲಿ ಜೋರಾಗಿ ತಿರುಗಿಸಿ, ಮೇಲಿನ ತಿಳಿ ಮಾತ್ರ ಎತ್ತಿಕೊಳ್ಳುವುದು. ತಿಳಿ ಎಲ್ಲಿ ಮುಗಿಯುತ್ತದೆ ಅಂತ ನಮ್ಮ ಕಣ್ಣಿಗೆ ಕಾಣುತ್ತದೆ, ಸಾಮಾನ್ಯ ಪಿಪೆಟ್ ರೋಬೋಟ್‌ಗೆ ಕಾಣುವುದಿಲ್ಲ. ಅದಕ್ಕೇ ಯಂತ್ರದಲ್ಲಿ ಜಾಸ್ತಿ ಬಳಸುವುದು ಮ್ಯಾಗ್ನೆಟಿಕ್ ಬೀಡ್, ಅಂದರೆ ಅಯಸ್ಕಾಂತಕ್ಕೆ ಅಂಟುವ ಸಣ್ಣ ಸಣ್ಣ ಮಣಿ. ಉಪ್ಪು ಹೆಚ್ಚಿದ್ದಾಗ ಡಿಎನ್‌ಎ ಬೀಡಿಗೆ ಅಂಟುತ್ತದೆ, ಅಯಸ್ಕಾಂತ ಬೀಡನ್ನು ಹಿಡಿದಿಡುತ್ತದೆ, ಆಲ್ಕೋಹಾಲಿನಲ್ಲಿ ತೊಳೆದು ಕೊನೆಗೆ ಉಪ್ಪು ಕಡಿಮೆ ಇರುವ ದ್ರವ ಹಾಕಿದರೆ ಡಿಎನ್‌ಎ ಬಿಟ್ಟುಕೊಳ್ಳುತ್ತದೆ. ಇದೆಲ್ಲ ನಡೆಯುವ ಒಂದು ಪ್ಲೇಟಿಗೆ 96 ಗುಳಿ, ಒಂದೊಂದರಲ್ಲಿ ಒಂದೊಂದು ಸಸಿಯ ಎಲೆ. ತೊಳೆದ ಆಲ್ಕೋಹಾಲ್ ಉಳಿದರೆ ಪಿಸಿಆರ್ (ಮಾರ್ಕರ್ ನೋಡಲು ಡಿಎನ್‌ಎ ಚೂರನ್ನು ಹೆಚ್ಚಿಸುವ ಹಂತ) ಕೆಡುತ್ತದೆ, ಬೀಡು ತೀರಾ ಒಣಗಿದರೆ ಡಿಎನ್‌ಎ ಸರಿಯಾಗಿ ಹೊರಬರುವುದಿಲ್ಲ.

ಯಂತ್ರ ಬಂದರೂ ಎಲೆಯ ಕೆಲಸ ತಪ್ಪುವುದಿಲ್ಲ. ಶಿವಮೊಗ್ಗದ ಮಳೆಗಾಲದಲ್ಲಿ ಕಿತ್ತ ಎಲೆ ಒರೆಸದೆ ಸಿಲಿಕಾ ಜೆಲ್ ಚೀಲಕ್ಕೆ ಹಾಕಿದೆ, ನೀಲಿ ಹರಳು ಮರುದಿನವೇ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಅಂದರೆ ನೀರು ಕುಡಿದು ಅದರ ಕೆಲಸ ಮುಗಿದಿತ್ತು, ಎಲೆ ಮಾತ್ರ ಇನ್ನೂ ಮೆತ್ತಗೇ ಇತ್ತು. ಅಡಿಕೆ ಎಲೆಯದ್ದು ಬೇರೆ ಗೋಳು. ಅರೆದ ಕೂಡಲೇ ಕಂದು ಬಣ್ಣ ಬರುತ್ತದೆ, ಎಲೆಯಲ್ಲಿರುವ ಪಾಲಿಫೀನಾಲ್ ಕಾರಣ, ಅದನ್ನು ಹಿಡಿದಿಡುವ ಪಿವಿಪಿ ಪುಡಿ ಸೇರಿಸಬೇಕು.

ನನಗೆ ಪಾಠವಾಗಿದ್ದು ಪ್ಲೇಟ್ ತಿರುವುಮುರುವಾದ ದಿನ. ಮೊದಲ ಗುಳಿ ಎ1 ಇರಬೇಕಾದ ಮೂಲೆಯಲ್ಲಿ ಕೊನೆಯ ಗುಳಿ ಎಚ್12 ಬಂದು ಕೂತಿತ್ತು. ಯಂತ್ರಕ್ಕೇನು, ಸುಮ್ನೆ ಕೆಲಸ ಮುಗಿಸಿತು. ಡಿಎನ್‌ಎ ಚೆನ್ನಾಗಿಯೇ ಬಂತು, ಹೆಸರು ಮಾತ್ರ ಎಲ್ಲಾ ಅದಲುಬದಲು! ಎಲೆ ಹಾಕದ ಖಾಲಿ ಗುಳಿಗಳನ್ನು ಎ1 ಮತ್ತು ಎಚ್12 ಎರಡರಲ್ಲೂ ಇಟ್ಟಿದ್ದೆ, ಹಾಗಾಗಿ ತಿರುಗಿದ್ದು ಗೊತ್ತೇ ಆಗಲಿಲ್ಲ. ಈಗ ಎಚ್12 ಒಂದನ್ನೇ ಖಾಲಿ ಬಿಡುತ್ತೇನೆ, ಪ್ಲೇಟ್ ತಿರುಗಿದರೆ ಖಾಲಿ ಎ1ರಲ್ಲಿ ಕಾಣಬೇಕು.

ಆ ಖಾಲಿ ಗುಳಿಯಲ್ಲೂ ಮಾರ್ಕರ್ ಬಂದರೆ ಪಕ್ಕದ ಗುಳಿಯಿಂದಲೋ ದ್ರಾವಣದಿಂದಲೋ ಬೇರೆ ಡಿಎನ್‌ಎ ಸೇರಿದೆ ಅಂತ ಅರ್ಥ. ಬ್ಯಾಕ್‌ಕ್ರಾಸ್‌ನಲ್ಲಿ, ಅಂದರೆ ಸಸಿಯನ್ನು ಮತ್ತೆ ಮತ್ತೆ ನಮ್ಮ ತಳಿಗೇ ಕ್ರಾಸ್ ಮಾಡುವಾಗ, ಇದು ಬಲು ಅಪಾಯ: ಜೀನ್ ಇಲ್ಲದ ಸಸಿಯೂ ಜೀನಿನ ಒಂದು ಪ್ರತಿ ಇರುವ ಸಸಿಯಂತೆ ಕಾಣುತ್ತದೆ, ನಾವು ಅದನ್ನೇ ಆರಿಸಿ ಮತ್ತೆ ಕ್ರಾಸ್ ಮಾಡುತ್ತೇವೆ.