ಪದ ಪರಿಚಯ: ಜನಾಂಗ ಹತ್ಯೆ

‘ಜೆನೊಸೈಡ್’ ಎಂಬುದಕ್ಕೆ ನಮ್ಮ ಪತ್ರಿಕೆಗಳು ಹೆಚ್ಚಾಗಿ ‘ನರಮೇಧ’ ಎಂದು ಬರೆಯುತ್ತವೆ. ನನಗೆ ಅದು ಒಪ್ಪಿಗೆಯಿಲ್ಲ. ‘ಮೇಧ’ ಎಂದರೆ ಯಜ್ಞ; ಕೊಲೆಗೆ ಬಲಿಯ ಹೆಸರು ಕೊಟ್ಟಂತಾಗುತ್ತದೆ. ಜೊತೆಗೆ, ಸತ್ತವರು ನರರು ಎಂದಷ್ಟೇ ಅದು ಹೇಳುತ್ತದೆ. ಅವರನ್ನು ಯಾಕೆ ಆರಿಸಿ ಕೊಂದರು ಎಂಬುದೇ ಈ ಅಪರಾಧದ ತಿರುಳು. ಆದ್ದರಿಂದ ‘ಜನಾಂಗ ಹತ್ಯೆ’ಯೇ ಸರಿ.

ಪೋಲೆಂಡಿನ ಯಹೂದಿ ವಕೀಲ ರಫಾಯೆಲ್ ಲೆಮ್ಕಿನ್ 1944ರಲ್ಲಿ ‘ಜೆನೊಸೈಡ್’ ಪದವನ್ನು ಬಳಕೆಗೆ ತಂದರು. 1948ರ ವಿಶ್ವಸಂಸ್ಥೆಯ ಒಡಂಬಡಿಕೆ ಅದಕ್ಕೆ ಕಾನೂನಿನ ಅರ್ಥ ಕೊಟ್ಟಿತು: ರಾಷ್ಟ್ರ, ಬುಡಕಟ್ಟು, ವರ್ಣ ಅಥವಾ ಧರ್ಮದ ಆಧಾರದ ಗುಂಪೊಂದನ್ನು ಪೂರ್ತಿಯಾಗಿ ಇಲ್ಲವೇ ಭಾಗಶಃ ನಾಶಮಾಡುವ ಉದ್ದೇಶದಿಂದ ಕೊಲ್ಲುವುದು, ಅವರ ದೇಹಕ್ಕೋ ಮನಸ್ಸಿಗೋ ತೀವ್ರ ಹಾನಿ ಮಾಡುವುದು, ಬದುಕಲಾಗದ ಸ್ಥಿತಿಗೆ ದೂಡುವುದು, ಮಕ್ಕಳು ಹುಟ್ಟದಂತೆ ತಡೆಯುವುದು, ಹುಟ್ಟಿದ ಮಕ್ಕಳನ್ನು ಬಲವಂತವಾಗಿ ಬೇರೆ ಗುಂಪಿಗೆ ಒಯ್ಯುವುದು. ಹೆಣಗಳ ಲೆಕ್ಕ ಇಲ್ಲಿ ಎಲ್ಲಿಯೂ ಬರುವುದಿಲ್ಲ.

ಉದ್ದೇಶ ಮನಸ್ಸಿನೊಳಗಿನದು, ಅದನ್ನು ಸಾಬೀತು ಮಾಡುವುದು ಹೇಗೆ? ರುವಾಂಡದ ತಾಬಾ ಎಂಬಲ್ಲಿ ಮೇಯರ್ ಆಗಿದ್ದ ಜಾನ್‌ಪಾಲ್ ಅಕಾಯೆಸು ಮೊಕದ್ದಮೆಯಲ್ಲಿ, ತಾಂಜಾನಿಯಾದ ಅರೂಷಾದಲ್ಲಿ ಕುಳಿತಿದ್ದ ವಿಶ್ವಸಂಸ್ಥೆಯ ನ್ಯಾಯಮಂಡಳಿ ಈ ಪ್ರಶ್ನೆಯನ್ನು ಎದುರಿಸಿತು. ರುವಾಂಡದ ಎರಡು ಸಮುದಾಯಗಳಾದ ಹುಟು, ಟುಟ್ಸಿ ಇಬ್ಬರಿಗೂ ಭಾಷೆ ಒಂದೇ, ಧರ್ಮವೂ ಒಂದೇ. ಆದರೆ ಪ್ರತಿಯೊಬ್ಬರ ಗುರುತಿನ ಚೀಟಿಯಲ್ಲಿ ‘ಹುಟು’ ಅಥವಾ ‘ಟುಟ್ಸಿ’ ಎಂದು ಬರೆದಿರುತ್ತಿತ್ತು. 1994ರಲ್ಲಿ ಟುಟ್ಸಿಗಳ ಹತ್ಯೆ ನಡೆದಾಗ ರಸ್ತೆಗೆ ಅಡ್ಡಗಟ್ಟಿದವರು ಆ ಚೀಟಿ ನೋಡಿಯೇ ಯಾರನ್ನು ಬಿಡಬೇಕು, ಯಾರನ್ನು ಕಡಿಯಬೇಕು ಎಂದು ತೀರ್ಮಾನಿಸುತ್ತಿದ್ದರು. ಹೀಗೆ ಒಂದೇ ಗುಂಪನ್ನು ಹುಡುಕಿ ಹುಡುಕಿ ಕೊಂದ ರೀತಿ, ಮುಖಂಡರು ಸಭೆಗಳಲ್ಲಿ ಆಡಿದ ಮಾತು, ಇವುಗಳಿಂದ ಉದ್ದೇಶವನ್ನು ಊಹಿಸಬಹುದು ಎಂದಿತು ನ್ಯಾಯಮಂಡಳಿ. 1998ರ ಸೆಪ್ಟೆಂಬರ್ 2ರ ಆ ತೀರ್ಪು, ಅಂತರರಾಷ್ಟ್ರೀಯ ನ್ಯಾಯಾಲಯವೊಂದು ಜನಾಂಗ ಹತ್ಯೆಗಾಗಿ ವ್ಯಕ್ತಿಯೊಬ್ಬನನ್ನು ಅಪರಾಧಿ ಎಂದದ್ದರಲ್ಲಿ ಮೊದಲನೆಯದು. ಅವನಿಗೆ ಜೀವಾವಧಿ ಶಿಕ್ಷೆಯಾಯಿತು.

ಮೊದಲ ಆರೋಪಪಟ್ಟಿಯಲ್ಲಿ ಅತ್ಯಾಚಾರದ ಮಾತೇ ಇರಲಿಲ್ಲ. ಸಾಕ್ಷಿ ಹೇಳಲು ಬಂದ ತಾಯಿಯೊಬ್ಬಳು ತನ್ನ ಆರು ವರ್ಷದ ಮಗಳ ಮೇಲೆ ಮೂವರು ಎರಗಿದ್ದನ್ನು ಹೇಳಿದಳು. ಪೀಠದಲ್ಲಿದ್ದ ಏಕೈಕ ಮಹಿಳೆ, ದಕ್ಷಿಣ ಆಫ್ರಿಕಾದ ನವನೀತಂ ಪಿಳ್ಳೈ, ಈ ಬಗ್ಗೆ ಸಾಕ್ಷಿಗಳನ್ನು ಪ್ರಶ್ನಿಸಿದರು. ಇನ್ನೂ ಹೆಂಗಸರು ಬಾಯಿಬಿಟ್ಟರು: ಆಶ್ರಯ ಬೇಡಿ ಮೇಯರನ ಕಚೇರಿಯ ಆವರಣಕ್ಕೆ ಬಂದಿದ್ದವರ ಮೇಲೆ ಅಲ್ಲಿಯೇ, ಅವನ ಕಣ್ಣೆದುರಿಗೇ ಅತ್ಯಾಚಾರ ನಡೆದಿತ್ತು. 1997ರ ಜೂನ್‌ನಲ್ಲಿ ಆರೋಪಪಟ್ಟಿಯನ್ನು ತಿದ್ದಲಾಯಿತು. ಟುಟ್ಸಿ ಗುಂಪನ್ನು ನಾಶಮಾಡುವ ಉದ್ದೇಶದಿಂದ ನಡೆದ ಆ ಅತ್ಯಾಚಾರ, ಒಡಂಬಡಿಕೆ ಹೇಳುವ ‘ದೇಹಕ್ಕೋ ಮನಸ್ಸಿಗೋ ತೀವ್ರ ಹಾನಿ’ಯೇ ಹೌದು, ಆದ್ದರಿಂದ ಅದೂ ಜನಾಂಗ ಹತ್ಯೆ ಎಂದು ತೀರ್ಪು ಹೇಳಿತು.