ಕೀರ್ತನೆ 91, ಅಡವಿಯ ಬಂಡೆ, ನಮ್ಮ ಸಭೆ: ಲೆಂಟಿನ ಅಧ್ಯಯನ ಟಿಪ್ಪಣಿ

ಚಿತ್ರದುರ್ಗದ ನಮ್ಮ ಬೈಬಲ್ ಅಧ್ಯಯನದ ಗುಂಪಿಗೆ ಈ ಲೆಂಟಿನಲ್ಲಿ, ಅಂದರೆ ಈಸ್ಟರಿಗೆ ಮುಂಚಿನ ಉಪವಾಸದ ಕಾಲದಲ್ಲಿ, ಎರಡು ವಿಷಯ ಕೊಟ್ಟಿದ್ದಾರೆ: ದೇವರಲ್ಲಿ ಆಶ್ರಯ, ಸಭೆಯ ಅನ್ಯೋನ್ಯತೆ. ಮೊದಲ ನೋಟಕ್ಕೆ ಇವು ಬೇರೆ ಬೇರೆ ಪಾಠ ಅನ್ನಿಸುತ್ತವೆ. ಓದುತ್ತಾ ಹೋದರೆ ಎರಡೂ ಅಡವಿಯ ಒಂದೇ ಬಂಡೆಯ ಹತ್ತಿರ ಬಂದು ಸೇರುತ್ತವೆ. ಆ ದಾರಿ ಮನಸ್ಸಿನಲ್ಲಿ ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ದಿನಗಳ ಲೆಕ್ಕ

ಬೂದಿ ಬುಧವಾರದಿಂದ ಈಸ್ಟರಿನ ಹಿಂದಿನ ಶನಿವಾರದವರೆಗೆ 46 ದಿನ. ನಡುವೆ ಬರುವ 6 ಭಾನುವಾರ ಕಳೆಯಿರಿ, 40. ಭಾನುವಾರ ಕರ್ತನು ಎದ್ದ ದಿನ, ಅದಕ್ಕೇ ಉಪವಾಸದ ಲೆಕ್ಕಕ್ಕೆ ಸೇರುವುದಿಲ್ಲ. 2026ರಲ್ಲಿ ಇದು ಫೆಬ್ರವರಿ 18ರಿಂದ ಏಪ್ರಿಲ್ 4ರವರೆಗೆ.

ಸೈತಾನನ ಬಾಯಲ್ಲಿ ಕೀರ್ತನೆ

ಕೀರ್ತನೆ 91 ನಮ್ಮಲ್ಲಿ ಬಹಳ ಜನಕ್ಕೆ ಬಾಯಿಪಾಠ. ಕಾಯಿಲೆಯವರ ಮನೆಗೆ ಹೋದಾಗ ಅದನ್ನೇ ಓದುತ್ತೇವೆ. ದೂರದ ಊರಿಗೆ ಹೊರಟವರಿಗೂ ಅದನ್ನೇ ಓದಿ ಪ್ರಾರ್ಥಿಸುತ್ತೇವೆ. ರೆಕ್ಕೆಗಳ ಮರೆ, ರಾತ್ರಿಯ ಭಯ, ಹಗಲಲ್ಲಿ ಹಾರಿ ಬರುವ ಬಾಣ, ಎಲ್ಲವೂ ಗೊತ್ತಿರುವ ಮಾತೇ. ಆದರೆ ಲೆಂಟಿನ ಮೊದಲ ಭಾನುವಾರ ಬಹಳ ಸಭೆಗಳಲ್ಲಿ ಓದುವ ಮತ್ತಾಯ 4ರಲ್ಲಿ ಇದೇ ಕೀರ್ತನೆಯನ್ನು ಹೇಳುವವನು ಸೈತಾನ! ಯೇಸುವನ್ನು ದೇವಾಲಯದ ತುದಿಯಲ್ಲಿ ನಿಲ್ಲಿಸಿ, ದೂತರು ನಿನ್ನನ್ನು ಕೈಗಳಲ್ಲಿ ಎತ್ತಿಕೊಳ್ಳುತ್ತಾರೆ ಅಂತ ಬರೆದಿದೆಯಲ್ಲ, ಕೆಳಕ್ಕೆ ದುಮುಕು ಅನ್ನುತ್ತಾನೆ. ವಚನ ಸುಳ್ಳಲ್ಲ. ಹಾಗಾದರೆ ತಪ್ಪು ಎಲ್ಲಿದೆ? ನಮ್ಮ ಗುಂಪು ಜಾಸ್ತಿ ಹೊತ್ತು ನಿಂತದ್ದು ಇಲ್ಲೇ.

ಎರಡು ಬೈಬಲ್ ತೆರೆದು ಪಕ್ಕಪಕ್ಕ ಇಟ್ಟುಕೊಳ್ಳಿ. 91:11ರಲ್ಲಿ ನಿನ್ನ ಎಲ್ಲಾ ಮಾರ್ಗಗಳಲ್ಲಿ ಕಾಯುವುದಕ್ಕೆ ದೂತರಿಗೆ ಅಪ್ಪಣೆ ಕೊಡುತ್ತಾನೆ ಎಂದಿದೆ. ಸೈತಾನನ ಮಾತಿನಲ್ಲಿ ಈ ಮಾರ್ಗಗಳು ಕಾಣುವುದಿಲ್ಲ. ಇದೇ ಘಟನೆ ಹೇಳುವ ಲೂಕ 4:10ರಲ್ಲೂ ಇಲ್ಲ. ಸಿಂಹ ಸರ್ಪಗಳನ್ನು ತುಳಿಯುವ 13ನೇ ವಚನಕ್ಕಂತೂ ಅವನು ಬರುವುದೇ ಇಲ್ಲ. ನಾನು ಇದನ್ನು ಹೀಗೆ ತಿಳಿದುಕೊಂಡಿದ್ದೇನೆ: ಕೀರ್ತನೆ ಮಾತಾಡುವುದು ದೇವರ ದಾರಿಯಲ್ಲಿ ನಡೆಯುತ್ತಿರುವವನ ಬಗ್ಗೆ. ಅವನ ಕಾಲಿಗೆ ಕಲ್ಲು ತಾಗದಂತೆ ಕಾಯುವ ಮಾತು ಅದು. ಸುಮ್ನೆ ಮೇಲಿಂದ ಹಾರಿ, ಹಿಡಿಯುತ್ತಾನಾ ನೋಡೋಣ ಅನ್ನುವವನಿಗೆ ಕೊಟ್ಟದ್ದಲ್ಲ.

ಯೇಸುವಿನ ಉತ್ತರ: ನಿನ್ನ ದೇವರಾದ ಕರ್ತನನ್ನು ಪರೀಕ್ಷಿಸಬಾರದು. ಬಹಳ ಸಲ ನಾವು ಇಲ್ಲಿಗೇ ಪುಸ್ತಕ ಮುಚ್ಚುತ್ತೇವೆ. ಮುಚ್ಚಬೇಡಿ. ಈ ಮಾತು ಧರ್ಮೋಪದೇಶಕಾಂಡ 6:16ರದ್ದು. ಅಲ್ಲಿ ಇನ್ನೂ ಅರ್ಧ ಉಳಿದಿದೆ: ಮಸ್ಸದಲ್ಲಿ ಪರೀಕ್ಷಿಸಿದ ಹಾಗೆ ಪರೀಕ್ಷಿಸಬಾರದು. ಮಸ್ಸದಲ್ಲಿ ಏನಾಯಿತು?

ನೀರಿಲ್ಲದ ಜಾಗದಲ್ಲಿ ಜಗಳ

ಅದಕ್ಕೆ ವಿಮೋಚನಕಾಂಡ 17ಕ್ಕೆ ಹೋಗಬೇಕು. ಐಗುಪ್ತದಿಂದ ಹೊರಟ ಇಸ್ರಾಯೇಲ್ ಜನರು ಸಮುದ್ರ ದಾಟಿದ್ದಾರೆ, ದೇವರು ಅಡವಿಯಲ್ಲಿ ಕೊಟ್ಟ ಮನ್ನ ಎಂಬ ಆಹಾರ ತಿಂದಿದ್ದಾರೆ. ರೆಫೀದೀಮಿನಲ್ಲಿ ಕುಡಿಯಲು ನೀರಿಲ್ಲ. ಮೋಶೆಯ ಮೇಲೆ ಜಗಳಕ್ಕೆ ಬೀಳುತ್ತಾರೆ. ಇನ್ನು ಸ್ವಲ್ಪ ಆದರೆ ಕಲ್ಲು ಹೊಡೆಯುತ್ತಾರೆ ಅಂತ ಮೋಶೆ ದೇವರಿಗೆ ಮೊರೆ ಇಡುತ್ತಾನೆ. ಬೇಸಿಗೆಯಲ್ಲಿ ಟ್ಯಾಂಕರ್ ಬಂದಾಗ ಕೊಡಗಳ ಸಾಲಿನಲ್ಲಿ ಏನಾಗುತ್ತದೆ ಅಂತ ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ದೇವರು ಬಂಡೆಯಿಂದ ನೀರು ಕೊಟ್ಟ. ಆ ಜಾಗಕ್ಕೆ ಮಾತ್ರ ಎರಡು ಹೆಸರು ಉಳಿದವು. ಒಂದು ಮೆರೀಬಾ, ಅವರು ಜಗಳವಾಡಿದ್ದಕ್ಕೆ; ಇನ್ನೊಂದು ಮಸ್ಸ, ಯೆಹೋವನು ನಮ್ಮ ನಡುವೆ ಇದ್ದಾನೋ ಇಲ್ಲವೋ ಅಂತ ಪರೀಕ್ಷಿಸಿದ್ದಕ್ಕೆ.

ಎರಡು ಹೆಸರು, ಘಟನೆ ಒಂದೇ. ಜೊತೆಗಿದ್ದ ಮೋಶೆಯ ಮೇಲೆ ಜಗಳ ಆಡುತ್ತಲೇ ಅವರು ದೇವರ ಮೇಲಿನ ಭರವಸೆ ಕಳೆದುಕೊಂಡರು. ಅವರ ಪ್ರಶ್ನೆಯಲ್ಲಿ 'ನಮ್ಮ ನಡುವೆ' ಅಂತ ಇದೆ, 'ನನ್ನ ಜೊತೆ' ಅಂತ ಇಲ್ಲ. ನಮ್ಮ ಕೋಟೆ ನೋಡಿದವರಿಗೆ ಇದು ಬೇಗ ಹತ್ತುತ್ತದೆ. ಗೋಡೆ ಏಳು ಸುತ್ತು ಇದ್ದರೂ ಒಳಗಿನವರಿಗೆ ನೀರು ಬೇಕೇ ಬೇಕು. ಗೋಪಾಲಸ್ವಾಮಿ ಹೊಂಡ ತುಂಬಿ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಕ್ಕೆ ಹರಿದರೇನೇ ಎಲ್ಲರಿಗೂ ಸಿಗುವುದು. ದೇವರ ಆಶ್ರಯದಲ್ಲಿ ಇರುವುದೂ ಹಾಗೆಯೇ ಅಂತ ನನಗೆ ಅನ್ನಿಸುತ್ತದೆ.

ಇದೇ ಘಟನೆಯನ್ನು ಕೀರ್ತನೆ 95 ನೆನಪಿಸುತ್ತದೆ: ಈ ಹೊತ್ತು ಆತನ ಸ್ವರ ಕೇಳಿದರೆ ಹೃದಯ ಕಠಿಣ ಮಾಡಿಕೊಳ್ಳಬೇಡಿ. ಇಬ್ರಿಯರಿಗೆ 3ನೇ ಅಧ್ಯಾಯ ಆ ಕೀರ್ತನೆಯನ್ನು ಎತ್ತಿಕೊಂಡು, 13ನೇ ವಚನದಲ್ಲಿ ಮದ್ದನ್ನೂ ಹೇಳುತ್ತದೆ: ಪ್ರತಿದಿನ ಒಬ್ಬರನ್ನೊಬ್ಬರು ಎಚ್ಚರಿಸಿರಿ. ಹೃದಯ ಗಟ್ಟಿಯಾಗದಂತೆ ನೋಡಿಕೊಳ್ಳುವ ಕೆಲಸ ನನ್ನ ಪಕ್ಕ ಕೂರುವವರ ಕೈಯಲ್ಲೂ ಇದೆ! ಈ ಸಾಲು ನನಗೆ ತುಂಬಾ ಹಿಡಿಸಿತು. ಓದುವ ಕ್ರಮ: ಕೀರ್ತನೆ 91, ಮತ್ತಾಯ 4, ಧರ್ಮೋಪದೇಶಕಾಂಡ 6, ವಿಮೋಚನಕಾಂಡ 17, ಕೀರ್ತನೆ 95, ಇಬ್ರಿಯ 3. ಕ್ರಮ ಬದಲಾಯಿಸಬೇಡಿ, ಕೊಂಡಿ ತಪ್ಪುತ್ತದೆ.

ಹಳೆಯ ಸಭೆಯವರು ಮಾಡಿದ್ದು

ಕ್ರಿ.ಶ. 325ರಲ್ಲಿ ನೈಸೀಯದಲ್ಲಿ ಸೇರಿದ ಬಿಷಪರ ಮಹಾಸಭೆಯ 5ನೇ ನಿಯಮ ನೋಡಿ. ಪ್ರತಿ ಪ್ರಾಂತ್ಯದ ಬಿಷಪರು ವರ್ಷಕ್ಕೆ ಎರಡು ಸಲ ಸೇರಬೇಕು, ಒಂದು ಸಲ ಲೆಂಟಿಗೆ ಮುಂಚೆ. ಸಭೆಯಿಂದ ಹೊರಗೆ ಹಾಕಿದವರನ್ನು ಯಾವುದಾದರೂ ಬಿಷಪರ ಸಣ್ಣತನದಿಂದಲೋ ಜಗಳದಿಂದಲೋ ಹೊರಗೆ ಹಾಕಿದ್ದಾರಾ ಎಂದು ವಿಚಾರಿಸಬೇಕು. ಕಹಿಯೆಲ್ಲ ಕಳೆದ ಮೇಲೆ ದೇವರಿಗೆ ಶುದ್ಧ ಕಾಣಿಕೆ ಸಲ್ಲಬೇಕು ಅನ್ನುವುದು ಅವರು ಕೊಟ್ಟ ಕಾರಣ. ಉಪವಾಸ ಶುರುವಾಗುವ ಮುಂಚೆಯೇ ಮುರಿದ ಸಂಬಂಧ ನೋಡಬೇಕು ಅಂತ ಅಷ್ಟು ಹಿಂದೆಯೇ ಬರೆದಿಟ್ಟಿದ್ದಾರೆ.

ನಮ್ಮ ಗುಂಪಿಗೆ

ಸಭೆಗೆ ಬರುವುದು ಬಿಟ್ಟವರ ಮುಂದೆ, ಸಭೆಯಾಗಿ ಕೂಡುವುದನ್ನು ಬಿಡಬಾರದು ಅನ್ನುವ ಇಬ್ರಿಯ 10:25 ಹಿಡಿದು ನಿಲ್ಲುವುದು ನನಗೆ ಸರಿ ಕಾಣುವುದಿಲ್ಲ. ಅದರ ಹಿಂದಿನ ವಚನ ಪ್ರೀತಿಗೂ ಸತ್ಕಾರ್ಯಕ್ಕೂ ಒಬ್ಬರನ್ನೊಬ್ಬರು ಪ್ರೇರೇಪಿಸುವ ಮಾತು. ಅಲ್ಲಿಂದ ಶುರು ಮಾಡೋಣ. ಸಂಜೆ ಬಿಸಿಲು ಇಳಿದ ಮೇಲೆ ಅವರ ಮನೆಗೆ ಹೋಗೋಣ. ಯಾಕೆ ಬರುತ್ತಿಲ್ಲ ಅಂತ ಕೇಳುವುದು ಬೇಡ. ಕೂತು, ಟೀ ಕುಡಿದು, 91 ಓದಿ, ಪ್ರಾರ್ಥಿಸಿ ಬರೋಣ. ಯಾರ ಜೊತೆಗಾದರೂ ಮಾತು ಬಿಟ್ಟಿದ್ದರೆ ಮತ್ತಾಯ 5:23–24ರ ಪ್ರಕಾರ ಮೊದಲು ಅವರ ಹತ್ತಿರ ಹೋಗಿ ರಾಜಿಯಾಗಬೇಕು. ಶುಭ ಶುಕ್ರವಾರದ ಹಿಂದಿನ ರಾತ್ರಿ ಕರ್ತನ ಭೋಜನಕ್ಕೆ ಕೂರುವ ಮುಂಚೆ ಇದು ಮುಗಿಯಲಿ.

ಮುಂದಿನ ವಾರಕ್ಕೆ ಯೆಶಾಯ 58 ಓದಿಕೊಂಡು ಬನ್ನಿ. ಹಸಿದವರಿಗೆ ಅನ್ನ ಹಂಚಿ, ಅಲೆಯುವ ಬಡವರನ್ನು ಮನೆಗೆ ಕರೆದುಕೊಳ್ಳುವ ಮಾತು 7ನೇ ವಚನದಲ್ಲಿದೆ. 4ನೇ ವಚನವನ್ನು ದಾಟಿ ಹೋಗಬೇಡಿ. ಜಗಳವಾಡುತ್ತಾ ಉಪವಾಸ ಮಾಡುವವರು ಅಲ್ಲಿಯೂ ಇದ್ದಾರೆ.