ಪಿಂಚಣಿ ಹಣ ಯಾವ ಊರಿಗೆ ಹೋಗುತ್ತದೆ?

ಎಷ್ಟು ನಿವೃತ್ತ ಕೆಲಸಗಾರರಿಗೆ ಪಿಂಚಣಿ ಸಲ್ಲುತ್ತಿದೆ ಎಂಬ ಲೆಕ್ಕವನ್ನು ಅಮೆರಿಕದ ಸೋಷಿಯಲ್ ಸೆಕ್ಯುರಿಟಿ ಆಡಳಿತ, ಅಂದರೆ ಅಲ್ಲಿ ಈ ಪಿಂಚಣಿ ಕೊಡುವ ಸರ್ಕಾರಿ ಇಲಾಖೆ, ಕೌಂಟಿವಾರು ಪ್ರಕಟಿಸುತ್ತದೆ. ಕೌಂಟಿ ಅಂದರೆ ಹೆಚ್ಚುಕಮ್ಮಿ ನಮ್ಮ ಜಿಲ್ಲೆ ಇದ್ದಂತೆ. ನಿವೃತ್ತರ ಪಾಲು ಜಾಸ್ತಿ ಇರುವ ಕೌಂಟಿ ಕಂಡರೆ, ವಯಸ್ಸಾದವರೆಲ್ಲ ಅಲ್ಲಿಗೆ ಬಂದು ಸೇರಿದ್ದಾರೆ ಅನ್ನಿಸುತ್ತದೆ, ಅಲ್ವಾ?

ಫ್ಲಾರಿಡಾದ ಸಮ್ಟರ್ ಕೌಂಟಿಗೆ ನಿಜಕ್ಕೂ ಹಾಗೇ ಬಂದರು. ಅಲ್ಲಿನ ದಿ ವಿಲೇಜಸ್ ನಿವೃತ್ತರಿಗೆಂದೇ ಕಟ್ಟಿದ ಊರು. ಉತ್ತರದ ರಾಜ್ಯಗಳ ಹಿಮದ ಕಾಟವಿಲ್ಲ, ರಾಜ್ಯದ ಆದಾಯ ತೆರಿಗೆಯೂ ಇಲ್ಲ. 2010ರಲ್ಲಿ 93 ಸಾವಿರದಷ್ಟಿದ್ದ ಕೌಂಟಿಯ ಜನಸಂಖ್ಯೆ 2020ಕ್ಕೆ ಸುಮಾರು 1.3 ಲಕ್ಷವಾಯಿತು. ಅರ್ಧಕ್ಕಿಂತ ಹೆಚ್ಚು ಮಂದಿ 65 ದಾಟಿದವರು.

ವೆಸ್ಟ್ ವರ್ಜೀನಿಯಾದ ಮೆಕ್‌ಡೊವೆಲ್ ಕೌಂಟಿಯಲ್ಲೂ ಹಿರಿಯರ ಪಾಲು ದೇಶದ ಸರಾಸರಿಗಿಂತ ಜಾಸ್ತಿ. ಕಾರಣ ಮಾತ್ರ ಬೇರೆ. ಅದು ಕಲ್ಲಿದ್ದಲಿನ ಸೀಮೆ. 1950ರಲ್ಲಿ ಸುಮಾರು 99 ಸಾವಿರ ಜನ ಇದ್ದರು. ಗಣಿಗಳಿಗೆ ಯಂತ್ರ ಬಂತು, ಆಮೇಲೆ ಗಣಿಗಳೇ ಮುಚ್ಚುತ್ತ ಹೋದವು. ದುಡಿಯುವ ವಯಸ್ಸಿನವರು ಕೆಲಸ ಹುಡುಕಿಕೊಂಡು ಊರು ಬಿಟ್ಟರು. 2020ಕ್ಕೆ ಉಳಿದವರು 19 ಸಾವಿರ. ಕಿರಿಯರು ಹೋದದ್ದರಿಂದಲೇ ಹಿರಿಯರ ಪಾಲು ಏರಿತು.

ಪಿಂಚಣಿ ಎಷ್ಟು ಅನ್ನುವುದು ಅತಿ ಹೆಚ್ಚು ಗಳಿಸಿದ 35 ವರ್ಷಗಳ ಸಂಪಾದನೆಯ ಮೇಲೆ ನಿಂತಿದೆ. 62ಕ್ಕೇ ಪಡೆಯಲು ಶುರು ಮಾಡಿದರೆ ಕಡಿಮೆ, 70ರವರೆಗೆ ಕಾದರೆ ಜಾಸ್ತಿ. ಎಲ್ಲಿ ವಾಸ ಅನ್ನುವುದು ಲೆಕ್ಕಕ್ಕೇ ಇಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬಾಡಿಗೆಗೂ ಸಾಲದ ಹಣದಲ್ಲಿ ಗಣಿ ಸೀಮೆಯವರು ತಿಂಗಳು ಕಳೆಯಬಹುದು.

ಈ ಹಣ ಬರುವುದು ಬಹುಪಾಲು ಇವತ್ತು ದುಡಿಯುವವರಿಂದ. ಸಂಬಳದಲ್ಲಿ 6.2% ಕಡಿತ, ಮಾಲೀಕರಿಂದ ಅಷ್ಟೇ ಮೊತ್ತ. ಅಂದರೆ ಕೆಲಸ ಇರುವ ಊರುಗಳಿಂದ ಕೆಲಸ ಕಳೆದುಕೊಂಡ ಊರುಗಳಿಗೆ ಪ್ರತಿ ತಿಂಗಳೂ ಹಣ ಹರಿಯುತ್ತದೆ. ಕ್ಯಾಲಿಫೋರ್ನಿಯಾದ ಕನ್ನಡಿಗ ಎಂಜಿನಿಯರುಗಳ ಪಾಲೂ ಅದರಲ್ಲಿದೆ. ಸಾಮಾನ್ಯವಾಗಿ 10 ವರ್ಷ ದುಡಿದವರಿಗಷ್ಟೇ ಪಿಂಚಣಿಯ ಹಕ್ಕು. ಅದಕ್ಕೂ ಮುಂಚೆ ಭಾರತಕ್ಕೆ ಮರಳಿದವರು ಕಟ್ಟಿದ್ದನ್ನು ಬಿಟ್ಟೇ ಬರಬೇಕು. ಇದು ನ್ಯಾಯವಲ್ಲ ಎಂದೇ ನನ್ನ ಭಾವನೆ.

ಇಷ್ಟಾದರೂ ಗಣಿ ಸೀಮೆಗೆ ಈ ಹಣ ಬೇಕೇ ಬೇಕು. ಗಣಿ ಮುಚ್ಚಿದರೂ ಪಿಂಚಣಿ ನಿಲ್ಲುವುದಿಲ್ಲ. ದಿನಸಿ ಅಂಗಡಿ, ಔಷಧಿ ಅಂಗಡಿಗಳ ವ್ಯಾಪಾರಕ್ಕೆ ಅದು ಆಸರೆ. ಸಮ್ಟರ್‌ನಲ್ಲಿ ಒಂದು ಮನೆ ಖಾಲಿಯಾದರೆ ಕೊಳ್ಳಲು ಬರುವ ನಿವೃತ್ತರು ತಮ್ಮ ಪಿಂಚಣಿಯನ್ನೂ ತರುತ್ತಾರೆ. ಮೆಕ್‌ಡೊವೆಲ್‌ನಲ್ಲಿ ಹಿರಿಯರೊಬ್ಬರು ತೀರಿಕೊಂಡರೆ ಆ ಜಾಗ ತುಂಬಲು ಬರುವವರು ಕಡಿಮೆ.